ಖಾತೆ ಬದಲಾಯಿಸುವ ಮೊದಲು ಹಳೆ ಸ್ಟೇಟ್‌ಮೆಂಟ್ ಓದಿ

ಪ್ರಶ್ನೆ: ನನ್ನ ಊರು ದಾವಣಗೆರೆ ಹತ್ತಿರದ ಒಂದು ಹಳ್ಳಿ, ಕೆಲಸ ಬೆಂಗಳೂರಿನಲ್ಲಿ. 2014ರಲ್ಲಿ ನನ್ನ ಮೊದಲ ಕಂಪನಿಯವರು ತೆರೆಸಿಕೊಟ್ಟ ಸಂಬಳದ ಖಾತೆಯೇ ಇಂದಿಗೂ ನನ್ನ ಮುಖ್ಯ ಖಾತೆ. ಮನೆ ಸಾಲದ ಕಂತು, ಎರಡು ಎಸ್‌ಐಪಿ (ಮ್ಯೂಚುವಲ್ ಫಂಡ್‌ನ ತಿಂಗಳ ಕಂತು), ಎಲ್‌ಐಸಿ ಎಲ್ಲ ಅದರಿಂದಲೇ ಹೋಗುತ್ತವೆ. ಹೋದ ವರ್ಷ ಕಂಪನಿ ಬದಲಾಯಿಸಿದೆ. ಹೊಸ ಕಂಪನಿ ಬೇರೆ ಬ್ಯಾಂಕಿಗೆ ಸಂಬಳ ಹಾಕುತ್ತದೆ. ಹಳೆ ಬ್ಯಾಂಕಿನವರು ಈಗ 10,000 ರೂಪಾಯಿ ಬ್ಯಾಲೆನ್ಸ್ ಇಲ್ಲ ಅಂತ ದಂಡ ಹಾಕುತ್ತಿದ್ದಾರೆ. ಹಳೆ ಖಾತೆ ಮುಚ್ಚಿ ಎಲ್ಲವನ್ನೂ ಹೊಸ ಸಂಬಳದ ಖಾತೆಗೆ ಸಾಗಿಸಬೇಕು ಅಂದುಕೊಂಡಿದ್ದೇನೆ. ಹೇಗೆ ಮಾಡಲಿ? ಅಮ್ಮ ಈಗ ದಾವಣಗೆರೆಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಅವರ ಖಾತೆ ಹಳ್ಳಿಯ ಗ್ರಾಮೀಣ ಬ್ಯಾಂಕಿನಲ್ಲಿದೆ. ಗೃಹಲಕ್ಷ್ಮಿ ಮತ್ತು ಪಿಎಂ ಕಿಸಾನ್ ದುಡ್ಡು ಅಲ್ಲಿಗೇ ಬರುತ್ತದೆ. ಅದನ್ನೂ ಮನೆ ಹತ್ತಿರದ ಬೇರೆ ಬ್ಯಾಂಕಿಗೆ ಬದಲಾಯಿಸಬಹುದಾ? ಕೊನೆಯದಾಗಿ, ನನ್ನ ಹಳೆ ಚೆಕ್ ಬುಕ್ಕಿನಲ್ಲಿ 14 ಹಾಳೆ ಉಳಿದಿವೆ. ಹರಿದು ಹಾಕಿದರೆ ಸಾಕಾ?

ಉತ್ತರ: ಹಳೆ ಖಾತೆ ಮುಚ್ಚುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬ್ಯಾಂಕಿನಲ್ಲಿದ್ದಷ್ಟು ವರ್ಷವೂ ಕೌಂಟರಿನಲ್ಲಿ ನೋಡಿದ ಅರ್ಧ ರಗಳೆಗಳು ಈ ಒಂದು ಕೆಲಸವನ್ನು ಮೊದಲು ಮಾಡಿದ್ದರಿಂದಲೇ ಆಗಿದ್ದು.

ಇನ್ನೊಂದು ಮಾತು. ಎಲ್ಲವನ್ನೂ ಹೊಸ ಸಂಬಳದ ಖಾತೆಗೆ ಸಾಗಿಸಲು ಹೊರಟಿದ್ದೀರಲ್ಲ, ಅದು ಬೇಡ. ನಿಮಗೆ ಈಗ ಆಗಿರುವ ತೊಂದರೆಗೆ ಮೂಲ ಕಾರಣವೇ ಅದು. ಸಂಬಳದ ಖಾತೆ ಬಾಡಿಗೆ ಮನೆ ಇದ್ದ ಹಾಗೆ. ಕಂಪನಿ ಇರುವವರೆಗೆ ಮಿನಿಮಮ್ ಬ್ಯಾಲೆನ್ಸ್ ಕೇಳುವುದಿಲ್ಲ, ಕಾರ್ಡು ಪುಕ್ಕಟೆ, ಚೆಕ್ ಬುಕ್ ಪುಕ್ಕಟೆ. ಕೆಲಸ ಬಿಟ್ಟು ಎರಡು ಮೂರು ತಿಂಗಳು ಸಂಬಳ ಬರದಿದ್ದರೆ ಹೆಚ್ಚಿನ ಬ್ಯಾಂಕುಗಳು ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಯಿಸುತ್ತವೆ. ಅವತ್ತಿನಿಂದ ಮಿನಿಮಮ್ ಬ್ಯಾಲೆನ್ಸ್ ಶುರು. ಈ ಬದಲಾವಣೆಯ ಎಸ್‌ಎಂಎಸ್ ಬಂದಿರುತ್ತದೆ. ಸಾಲದ ಜಾಹೀರಾತುಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಈಗ ಎಲ್ಲವನ್ನೂ ಹೊಸ ಕಂಪನಿಯ ಖಾತೆಗೆ ಕಟ್ಟಿದರೆ, ನಾಲ್ಕು ವರ್ಷದ ನಂತರ ಮತ್ತೆ ಕಂಪನಿ ಬದಲಾಯಿಸಿದಾಗ ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತೀರಿ.

ಅದರ ಬದಲು ನಿಮ್ಮದೇ ಅನ್ನುವ ಒಂದು ಉಳಿತಾಯ ಖಾತೆ ಇಟ್ಟುಕೊಳ್ಳಿ. ಅದಕ್ಕೂ ನಿಮ್ಮ ಕಂಪನಿಗೂ ಸಂಬಂಧ ಇರಬಾರದು. ಸಂಬಳ ಎಲ್ಲಿಗಾದರೂ ಬರಲಿ. ಬಂದ ಮರುದಿನ ಬೇಕಾದಷ್ಟು ಹಣ ತಾನಾಗಿಯೇ ಈ ಖಾತೆಗೆ ಹೋಗುವ ಹಾಗೆ ನೆಟ್ ಬ್ಯಾಂಕಿಂಗ್‌ನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ. ಕಂತು, ಎಸ್‌ಐಪಿ, ವಿಮೆ, ತೆರಿಗೆ ರಿಫಂಡ್, ಪಿಎಫ್ ಎಲ್ಲ ಈ ಖಾತೆಗೆ ಕಟ್ಟಿರಲಿ. ಒಂದೇ ಸಲದ ಕಷ್ಟ. ಮುಂದೆ ಕೆಲಸ ಬದಲಾದರೆ ನೀವು ಬದಲಾಯಿಸಬೇಕಾದದ್ದು ಒಂದು ಇನ್‌ಸ್ಟ್ರಕ್ಷನ್ ಮಾತ್ರ.

ಯಾವ ಬ್ಯಾಂಕು?

ಹೆಸರು ಹೇಳಿ ಶಿಫಾರಸು ಮಾಡುವುದು ನನಗೆ ಇಷ್ಟವಿಲ್ಲ. ಆದರೆ ದಂಡದ ಕಾಟ ಬೇಡವೆಂದರೆ ಒಂದು ವಿಷಯ ಗೊತ್ತಿರಲಿ. ಸ್ಟೇಟ್ ಬ್ಯಾಂಕ್ 2020ರಲ್ಲೇ ಉಳಿತಾಯ ಖಾತೆಯ ಮಿನಿಮಮ್ ಬ್ಯಾಲೆನ್ಸ್ ದಂಡವನ್ನು ತೆಗೆಯಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ತೆಗೆಯಿತು. ಆಮೇಲೆ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಅದೇ ದಾರಿ ಹಿಡಿದವು. ಬ್ರಾಂಚಿನಲ್ಲಿ ಖಾತೆ ತೆರೆಯುವಾಗ ಬಾಯಿಮಾತಿಗೆ ತಲೆ ಆಡಿಸಬೇಡಿ. ಶುಲ್ಕದ ಪಟ್ಟಿ ಕೇಳಿ ಓದಿ.

ಬಡ್ಡಿ ಜಾಸ್ತಿ ಅನ್ನುವ ಆಸೆಗೆ ದಿನಬಳಕೆಯ ಖಾತೆ ಬದಲಾಯಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಲೆಕ್ಕ ಹಾಕಿ. ಖಾತೆಯಲ್ಲಿ ವರ್ಷವಿಡೀ ಸರಾಸರಿ 50,000 ರೂಪಾಯಿ ಇತ್ತು ಅಂದುಕೊಳ್ಳೋಣ. ಶೇಕಡಾ 2.5ರಂತೆ 1,250 ರೂಪಾಯಿ ಬಡ್ಡಿ. ಶೇಕಡಾ 5 ಕೊಟ್ಟರೆ 2,500. ತಿಂಗಳಿಗೆ ನೂರು ರೂಪಾಯಿ ಚಿಲ್ಲರೆಯ ವ್ಯತ್ಯಾಸ. ಒಂದು ಕಂತು ಬೌನ್ಸ್ ಆದರೆ ಅದರ ಹಲವು ತಿಂಗಳ ಲಾಭ ಒಂದೇ ದಿನದಲ್ಲಿ ಹೋಗುತ್ತದೆ. ಜಾಸ್ತಿ ದುಡ್ಡು ಇದ್ದರೆ ಅದು ಉಳಿತಾಯ ಖಾತೆಯಲ್ಲಿ ಯಾಕಿರಬೇಕು ಅನ್ನುವುದು ಬೇರೆ ಮಾತು. ಸಹಕಾರಿ ಬ್ಯಾಂಕಾಗಲಿ, ದೊಡ್ಡ ಬ್ಯಾಂಕಾಗಲಿ, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಠೇವಣಿ ವಿಮೆ ಸಿಗುವುದು ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. ಇದು 2020ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಬರೀ ಒಂದು ಲಕ್ಷ ಇತ್ತು.

ಖಾತೆ ತೆರೆಯುವಾಗ ಹೆಸರು ಪ್ಯಾನ್ ಮತ್ತು ಆಧಾರ್‌ನಲ್ಲಿ ಇರುವಂತೆಯೇ ಇರಲಿ. ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್. ನಮ್ಮ ಕಡೆ ಇದು ಮಾಮೂಲಿ. ಮುಂದೆ ತೆರಿಗೆ ಪೋರ್ಟಲ್‌ನಲ್ಲೂ ಪಿಎಫ್‌ನಲ್ಲೂ ಇಲ್ಲೇ ಸಿಕ್ಕಿಕೊಳ್ಳುವುದು. ಮೊಬೈಲ್ ನಂಬರ್ ಹಳೆ ಖಾತೆಯದೇ ಇರಲಿ. ನಿಮ್ಮ ಹೆಸರು ಅಚ್ಚಾದ ಚೆಕ್ ಬುಕ್ ಕೇಳಿ. ಮ್ಯೂಚುವಲ್ ಫಂಡ್‌ನವರು ಕ್ಯಾನ್ಸಲ್ ಮಾಡಿದ ಚೆಕ್ ಕೇಳಿದಾಗ ಹೆಸರಿಲ್ಲದ ಹಾಳೆ ಕೊಟ್ಟರೆ ವಾಪಸ್ ಕಳಿಸುತ್ತಾರೆ. ನಾಮಿನಿಯನ್ನು ಅಲ್ಲೇ ಬರೆಸಿ. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ಬರೆಸಬಹುದು. ಖಾತೆ ಬೇಕಾದರೆ ಈ ವಿಮೆ ಪಾಲಿಸಿಯೂ ತಗೊಳ್ಳಲೇಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ನಿಯಮ ಇಲ್ಲ. ಅದು ಅವರ ಟಾರ್ಗೆಟ್ ಕಷ್ಟ.

ಹದಿಮೂರು ತಿಂಗಳ ಸ್ಟೇಟ್‌ಮೆಂಟ್

ಬ್ರಿಟನ್ನಿನಲ್ಲಿ 2013ರಿಂದ ಒಂದು ವ್ಯವಸ್ಥೆ ಇದೆ. ಹೊಸ ಬ್ಯಾಂಕಿಗೆ ಹೇಳಿದರೆ ಸಾಕು. ಏಳು ಕೆಲಸದ ದಿನಗಳಲ್ಲಿ ಹಳೆ ಖಾತೆಯ ಎಲ್ಲ ಪಾವತಿಗಳನ್ನೂ ಅವರೇ ಸಾಗಿಸಿಕೊಂಡು, ಹಳೆಯದನ್ನು ಅವರೇ ಮುಚ್ಚುತ್ತಾರೆ. ನಮ್ಮಲ್ಲೂ ಮೊಬೈಲ್ ನಂಬರಿನ ಹಾಗೆ ಖಾತೆ ನಂಬರನ್ನೂ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಒಯ್ಯುವಂತಿರಬೇಕು ಅಂತ ಆರ್‌ಬಿಐನ ಆಗಿನ ಡೆಪ್ಯುಟಿ ಗವರ್ನರ್ ಎಸ್.ಎಸ್. ಮುಂದ್ರಾ 2017ರಲ್ಲಿ ಹೇಳಿದ್ದರು. ಸದ್ಯಕ್ಕೆ ಆ ಕೂಲಿ ಕೆಲಸ ನಮ್ಮದೇ.

ಕರ್ನಾಟಕದವರಿಗೆ ಖಾತೆ ಬದಲಾವಣೆಯ ರುಚಿ ಹೊಸದೇನಲ್ಲ, ಅಲ್ವಾ? ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಹೋಯಿತು. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ. ಎಲ್ಲವೂ ಏಪ್ರಿಲ್ 1ನೇ ತಾರೀಖೇ. ಆಗ ಬೋರ್ಡು ಬದಲಾಯಿತು, ಪಾಸ್‌ಬುಕ್ಕಿನ ಬಣ್ಣ ಬದಲಾಯಿತು, ಐಎಫ್‌ಎಸ್‌ಸಿ ಬದಲಾಯಿತು. ಆದರೆ ಕಂತುಗಳು ಹೆಚ್ಚುಕಡಿಮೆ ತಮ್ಮಷ್ಟಕ್ಕೆ ಹೋಗುತ್ತಿದ್ದವು. ಆ ಕೆಲಸವನ್ನು ಬ್ಯಾಂಕುಗಳು ಒಳಗೇ ಮಾಡಿದ್ದವು. ಅದನ್ನು ನೋಡಿದವರಿಗೆ ಖಾತೆ ಬದಲಾಯಿಸುವುದು ಸುಲಭ ಅನ್ನಿಸುತ್ತದೆ. ನೀವಾಗಿಯೇ ಬದಲಾಯಿಸುವಾಗ ಆ ಸಹಾಯ ಸಿಗುವುದಿಲ್ಲ.

ಹಾಗಾಗಿ ಹಳೆ ಖಾತೆಯ ಹದಿಮೂರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಹನ್ನೆರಡು ಸಾಲದು. ವರ್ಷಕ್ಕೊಮ್ಮೆ ಹೋಗುವ ಹಣ ಎರಡು ಮೂರು ದಿನ ಹಿಂದೆ ಮುಂದೆ ಆಗಿದ್ದರೆ ತಪ್ಪಿಹೋಗುತ್ತದೆ. ಪ್ರಿಂಟ್ ತೆಗೆದು, ಪೆನ್ನು ಹಿಡಿದು ಕೂತುಕೊಳ್ಳಿ. ನೀವೇ ಕೈಯಾರೆ ಕಳಿಸಿದ್ದನ್ನು, ಯುಪಿಐನಲ್ಲಿ ತರಕಾರಿಗೆ ಕೊಟ್ಟದ್ದನ್ನು ಬಿಟ್ಟುಬಿಡಿ. ನೀವು ಮುಟ್ಟದೆಯೇ ಬಂದ ಹಣ, ನೀವು ಮುಟ್ಟದೆಯೇ ಹೋದ ಹಣ, ಇವೆರಡಕ್ಕೆ ಮಾತ್ರ ಗುರುತು ಹಾಕಿ. ಹೋದ ಹಣದ ಸಾಲಿನಲ್ಲಿ ‘ನಾಚ್’ ಅಥವಾ ‘ಎಸಿಎಚ್’ ಅಂತ ಇದ್ದರೆ ಅದು ಮ್ಯಾಂಡೇಟ್, ಅಂದರೆ ನಿಮ್ಮ ಖಾತೆಯಿಂದ ತಾನಾಗಿಯೇ ಹಣ ತೆಗೆದುಕೊಳ್ಳಲು ನೀವು ಇನ್ನೊಬ್ಬರಿಗೆ ಕೊಟ್ಟ ಅನುಮತಿ. ಒಂದು ಭಾನುವಾರದ ಬೆಳಗ್ಗೆ ಸಾಕು.

ಹೀಗೆ ಹುಡುಕಿದರೆ ಯಾರಿಗೂ ನೆನಪಿಲ್ಲದ ಎರಡು ಸಾಲು ಬಹಳ ಜನರ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತವೆ. ಮೇ ಕೊನೆಯ ಸುಮಾರಿಗೆ 20 ರೂಪಾಯಿ ಮತ್ತು 436 ರೂಪಾಯಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಂದರೆ ಎರಡು ಲಕ್ಷದ ಅಪಘಾತ ವಿಮೆ. ಜೀವನ್ ಜ್ಯೋತಿ, ಅಂದರೆ ಎರಡು ಲಕ್ಷದ ಜೀವ ವಿಮೆ. ಇವು ಜೂನ್ 1ರಿಂದ ಮೇ 31ರವರೆಗೆ ನಡೆಯುವ ವಿಮೆಗಳು. ಇವು ಬ್ಯಾಂಕ್ ಖಾತೆಗೇ ಅಂಟಿಕೊಂಡಿವೆ. ಖಾತೆ ಮುಚ್ಚಿದರೆ ವಿಮೆಯೂ ಮುಗಿಯಿತು. ನನ್ನ ಹೆಂಡತಿಯ ಹಳೆ ಖಾತೆ ಮುಚ್ಚಿಸಿದಾಗ ಇದನ್ನು ಮರೆತವನು ನಾನೇ. ಊರಿಗೆಲ್ಲ ಹೇಳಿಕೊಡುತ್ತಿದ್ದ ಮನುಷ್ಯ! ಮುಂದಿನ ಜೂನ್ ದಾಟಿದ ಮೇಲೆ ನೆನಪಾಯಿತು. ಹೊಸ ಖಾತೆಯಲ್ಲಿ ಮತ್ತೆ ಸೇರಬಹುದು. ಆದರೆ ಜೀವನ್ ಜ್ಯೋತಿಗೆ ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಬಿಟ್ಟು ಬೇರೆ ಸಾವಿಗೆ ಹಣ ಸಿಗುವುದಿಲ್ಲ. ಸೇರಲು ವಯಸ್ಸಿನ ಮಿತಿಯೂ 50. ಆದ್ದರಿಂದ ಹೊಸ ಖಾತೆಯಲ್ಲಿ ಇವನ್ನು ಶುರು ಮಾಡಿದ ಮೇಲೆಯೇ ಹಳೆಯದನ್ನು ಬಿಡಿ.

ಲಾಕರ್ ಬಾಡಿಗೆ, ಅಟಲ್ ಪಿಂಚಣಿ, ಮಗಳ ಸುಕನ್ಯಾ ಖಾತೆಗೆ ಹೋಗುವ ಹಣ, ಪಿಪಿಎಫ್, ಡಿಮ್ಯಾಟ್‌ನ ಡಿವಿಡೆಂಡ್ ಕೂಡ ಇದೇ ರೀತಿ ಮೂಲೆಯಲ್ಲಿ ಅಡಗಿರುತ್ತವೆ. ಪಿಪಿಎಫ್, ಸುಕನ್ಯಾ ಖಾತೆಗಳನ್ನು ಮುಚ್ಚಬೇಕಿಲ್ಲ. ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ವರ್ಗಾಯಿಸುವ ಫಾರಂ ಇದೆ. ವರ್ಷಗಳ ಲೆಕ್ಕ ಹಾಗೇ ಮುಂದುವರಿಯುತ್ತದೆ.

ಮೊದಲು ಬರುವ ಹಣ, ಆಮೇಲೆ ಹೋಗುವ ಹಣ

ಪಟ್ಟಿ ಆಯಿತು. ಈಗ ಬರುವ ಹಣದಿಂದ ಶುರು ಮಾಡಿ. ನಿಮ್ಮ ವಿಷಯದಲ್ಲಿ ಅದು ಸುಲಭ. ಸಂಬಳದ ಖಾತೆಯಿಂದ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟರೆ ಮುಗಿಯಿತು.

ಆದಾಯ ತೆರಿಗೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಹೊಸ ಖಾತೆ ಸೇರಿಸಿ, ವ್ಯಾಲಿಡೇಟ್ ಮಾಡಿಸಿ, ರಿಫಂಡ್‌ಗೆ ಅದನ್ನೇ ಆರಿಸಿ. ಈ ವರ್ಷದ ರಿಫಂಡ್ ಇನ್ನೂ ಬರಬೇಕಿದ್ದರೆ ಹಳೆ ಖಾತೆ ಮುಚ್ಚುವ ಮಾತೇ ಬೇಡ. ಮುಚ್ಚಿದ ಖಾತೆಗೆ ಹೋದ ರಿಫಂಡ್ ವಾಪಸ್ ಹೋಗುತ್ತದೆ. ಮತ್ತೆ ಕೊಡಿ ಅಂತ ನೀವೇ ಪೋರ್ಟಲ್‌ನಲ್ಲಿ ಕೇಳಿಕೊಳ್ಳಬೇಕು. ಪಿಎಫ್‌ನ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಪೋರ್ಟಲ್‌ನಲ್ಲೂ ಖಾತೆ ಬದಲಾಯಿಸಿ. ಮೊದಲು ಇದಕ್ಕೆ ಕಂಪನಿಯವರ ಒಪ್ಪಿಗೆ ಬೇಕಿತ್ತು, ಎಚ್‌ಆರ್ ಹಿಂದೆ ಅಲೆಯಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಅದನ್ನು ತೆಗೆದರು.

ಇನ್ನು ಮನೆ ಸಾಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ.

ಸಾಲ ಕೊಟ್ಟವರು ಬೇರೆ ಸಂಸ್ಥೆ, ಕಂತು ಹೋಗುವುದು ನಿಮ್ಮ ಹಳೆ ಖಾತೆಯಿಂದ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಸಾಲ ಕೊಟ್ಟವರ ಹತ್ತಿರ ನಿಮ್ಮ ಸಹಿಯ ನಾಚ್ ಮ್ಯಾಂಡೇಟ್ ಇರುತ್ತದೆ. ಅದನ್ನು ಬದಲಾಯಿಸಬೇಕಾದವರು ಅವರು. ನಿಮ್ಮ ಬ್ಯಾಂಕು ತನ್ನಷ್ಟಕ್ಕೆ ಇನ್ನೊಂದು ಬ್ಯಾಂಕಿಗೆ ಸಾಗಿಸಲು ಆಗುವುದಿಲ್ಲ. ಸಾಲದ ಸಂಸ್ಥೆಗೆ ಹೋಗಿ ‘ಮ್ಯಾಂಡೇಟ್ ಸ್ವ್ಯಾಪ್’ ಕೇಳಿ. ಕೆಲವರು ಸಣ್ಣ ಶುಲ್ಕ ತೆಗೆದುಕೊಳ್ಳುತ್ತಾರೆ. ಡೆಬಿಟ್ ಕಾರ್ಡು, ನೆಟ್ ಬ್ಯಾಂಕಿಂಗ್ ಅಥವಾ ಆಧಾರ್ ಒಟಿಪಿ ಮೂಲಕ ಮಾಡಿದರೆ ಬೇಗ ಆಗುತ್ತದೆ. ಕಾಗದದ ಫಾರಂ ಆದರೆ ವಾರಗಟ್ಟಲೆ ಹಿಡಿಯಬಹುದು, ಸಹಿ ಹೊಂದುತ್ತಿಲ್ಲ ಅಂತ ವಾಪಸ್ ಬರಲೂಬಹುದು.

ಹೊಸ ಮ್ಯಾಂಡೇಟ್ ನೋಂದಣಿ ಆಗಿದೆ ಅನ್ನುವ ಸಂದೇಶ ಬರುವ ತನಕ ಹಳೆಯದೇ ಚಾಲ್ತಿಯಲ್ಲಿರುತ್ತದೆ. ಸಂದೇಶ ಬಂದ ಮೇಲೂ ನನ್ನ ಒಂದು ಮಾತು ಕೇಳಿ. ಆ ತಿಂಗಳು ಕಂತಿನ ಹಣವನ್ನು ಎರಡೂ ಖಾತೆಯಲ್ಲಿ ಇಡಿ. ಕೈ ಬಿಗಿ ಆಗುತ್ತದೆ, ಗೊತ್ತು. ಆದರೂ ಇಡಿ. ಮುಂದಿನ ತಿಂಗಳ ಪಟ್ಟಿ ಅವರು ಮೊದಲೇ ಕಳಿಸಿಬಿಟ್ಟಿದ್ದರೆ ಹಳೆ ಖಾತೆಗೇ ಬೇಡಿಕೆ ಬರುತ್ತದೆ. ಅಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆದರೆ ಬ್ಯಾಂಕು 250ರಿಂದ 500 ರೂಪಾಯಿ, ಮೇಲೆ ಜಿಎಸ್‌ಟಿ ಹಾಕುತ್ತದೆ. ಸಾಲ ಕೊಟ್ಟವರೂ ತಮ್ಮ ದಂಡ ಹಾಕುತ್ತಾರೆ. ಸಿಬಿಲ್ ವರದಿಯಲ್ಲೂ ಕಲೆ ಉಳಿಯಬಹುದು. ಇನ್ನೂ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಚೆಕ್ ಬೌನ್ಸ್ ಹೇಗೋ ಹಾಗೆ, ದುಡ್ಡಿಲ್ಲದೆ ಇಂಥ ಮ್ಯಾಂಡೇಟ್ ಬೌನ್ಸ್ ಆಗುವುದೂ 2007ರ ಪೇಮೆಂಟ್ ಆ್ಯಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಅಪರಾಧ. ಒಂದು ಕಂತಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ ಅನ್ನಿ. ಆದರೂ ಖಾತೆ ಮುಚ್ಚಿ ಸುಮ್ನೆ ಕೂತರೆ ಮೂರು ಕಂತು ಬೌನ್ಸ್ ಆಗಲು ಮೂರೇ ತಿಂಗಳು ಸಾಕು.

ಸಾಲ ಹಳೆ ಬ್ಯಾಂಕಿನದೇ ಆಗಿದ್ದರೆ ಮಾತು ಬೇರೆ. ಆ ಖಾತೆ ಇಟ್ಟುಕೊಳ್ಳಲೇಬೇಕು ಅಂತ ಸಾಲದ ಪತ್ರದಲ್ಲಿ ಇದೆಯೇ, ಬಡ್ಡಿಯಲ್ಲಿ ರಿಯಾಯಿತಿ ಅದಕ್ಕೆ ತಗುಲಿಕೊಂಡಿದೆಯೇ ನೋಡಿ. ಇದ್ದರೆ ಖಾತೆ ಉಳಿಸಿಕೊಳ್ಳುವುದೇ ಲಾಭ.

ಎಸ್‌ಐಪಿಗೆ ಅಷ್ಟು ಭಯ ಬೇಡ. ಒಂದು ಕಂತು ತಪ್ಪಿದರೆ ಫಂಡ್‌ನವರು ದಂಡ ಹಾಕುವುದಿಲ್ಲ. ಹಾಕುವುದು ಬ್ಯಾಂಕು. ತಿಂಗಳ ಎಸ್‌ಐಪಿ ಸತತ ಮೂರು ಸಲ ತಪ್ಪಿದರೆ ರದ್ದಾಗುತ್ತದೆ, ಅಷ್ಟೇ. ಮೊದಲು ಫೋಲಿಯೋಗೆ, ಅಂದರೆ ಫಂಡ್‌ನವರ ಹತ್ತಿರ ಇರುವ ನಿಮ್ಮ ಹೂಡಿಕೆಯ ಲೆಕ್ಕಕ್ಕೆ, ಹೊಸ ಬ್ಯಾಂಕ್ ಖಾತೆ ಸೇರಿಸಿ, ಆಮೇಲೆ ಎಸ್‌ಐಪಿಯ ಮ್ಯಾಂಡೇಟ್ ಬದಲಾಯಿಸಿ. ಒಬ್ಬರ ಫೋಲಿಯೋಗೆ ಐದು ಖಾತೆಗಳವರೆಗೆ ಜೋಡಿಸಬಹುದು. ಖಾತೆ ಬದಲಾಯಿಸಿದ ಕೂಡಲೇ ಹಣ ಹಿಂತೆಗೆಯಲು ಹೋಗಬೇಡಿ. ಮೋಸ ತಡೆಯಲು ಕೆಲವು ದಿನ ತಡೆಹಿಡಿಯುತ್ತಾರೆ. ಎಲ್‌ಐಸಿಗೆ ಎರಡು ಕೆಲಸ ಇವೆ. ಪ್ರೀಮಿಯಂ ಹೋಗುವ ಮ್ಯಾಂಡೇಟ್ ಒಂದು. ಪಾಲಿಸಿ ಮುಗಿದಾಗ ಹಣ ಬರಬೇಕಾದ ಖಾತೆಯ ವಿವರ ಇನ್ನೊಂದು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ.

ಯುಪಿಐ ಸುಲಭ. ಆ್ಯಪ್‌ನಲ್ಲಿ ಹೊಸ ಬ್ಯಾಂಕ್ ಸೇರಿಸಿ ಪಿನ್ ಹಾಕಿ. ಹಣ ಬರುವ ಖಾತೆಯಾಗಿ ಹೊಸದನ್ನು ಆರಿಸಿ. ಶುರುವಿನ 24 ಗಂಟೆ ಕಡಿಮೆ ಮಿತಿ ಇರುತ್ತದೆ, ಮನೆ ಬಾಡಿಗೆ ಕೊಡುವ ದಿನವೇ ಇದನ್ನು ಮಾಡಬೇಡಿ. ಆ್ಯಪ್‌ನ ‘ಆಟೋಪೇ’ ಒಳಗೆ ಇಣುಕಿ. ಸಿನಿಮಾ ಚಂದಾ, ಮೊಬೈಲ್ ರೀಚಾರ್ಜ್ ಹಳೆ ಖಾತೆಗೇ ಕಟ್ಟಿಕೊಂಡಿರುತ್ತವೆ. ರದ್ದು ಮಾಡಿ ಹೊಸದಾಗಿ ಮಾಡಬೇಕು. ಫಾಸ್ಟ್ಯಾಗ್ ಬದಲಾಯಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ, ಯಾವ ಖಾತೆಯಿಂದಲೂ ರೀಚಾರ್ಜ್ ಆಗುತ್ತದೆ.

ಈ ಎರಡು ಮೂರು ತಿಂಗಳು ಹಳೆ ಖಾತೆಗೆ ದಂಡ ಬೀಳದಿರಲು ಒಂದು ಕಿವಿಮಾತು. ಹೆಚ್ಚಿನ ಖಾಸಗಿ ಬ್ಯಾಂಕುಗಳು ನೋಡುವುದು ತಿಂಗಳ ಸರಾಸರಿ ಬ್ಯಾಲೆನ್ಸ್. ಪ್ರತಿದಿನದ ಕೊನೆಯ ಬ್ಯಾಲೆನ್ಸ್ ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ. 30 ದಿನದ ತಿಂಗಳಲ್ಲಿ ಒಂದೇ ಒಂದು ದಿನ 3 ಲಕ್ಷ ಇದ್ದರೂ ಸರಾಸರಿ 10,000 ಆಗುತ್ತದೆ. ಐದು ದಿನ 60,000 ಇದ್ದರೂ ಅಷ್ಟೇ. ಸಂಬಳ ಬಂದ ದಿನ ಹಣವನ್ನು ಹಳೆ ಖಾತೆಗೆ ಕಳಿಸಿ, ಕಂತು ಹೋಗುವ ದಿನದವರೆಗೆ ಅಲ್ಲೇ ಬಿಟ್ಟರೆ ಎಷ್ಟೋ ಸಲ ಲೆಕ್ಕ ಸರಿಹೋಗುತ್ತದೆ. ಬ್ಯಾಲೆನ್ಸ್ ಕಮ್ಮಿಯಾದರೆ ಮೊದಲು ತಿಳಿಸಿ, ಸರಿಮಾಡಲು ಒಂದು ತಿಂಗಳು ಕೊಟ್ಟ ಮೇಲೆಯೇ ದಂಡ ಹಾಕಬೇಕು ಅನ್ನುವುದು ಆರ್‌ಬಿಐ ನಿಯಮ. ಬರೀ ಈ ದಂಡದಿಂದ ಖಾತೆ ಮೈನಸ್‌ಗೆ ಇಳಿಯುವಂತೆಯೂ ಇಲ್ಲ. 2015ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಮೈನಸ್ ತೋರಿಸಿ, ಅದನ್ನು ಕಟ್ಟಿದರೇನೇ ಮುಚ್ಚುತ್ತೇವೆ ಅಂದರೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಪುಕ್ಕಟೆಯಾಗಿ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ಅಮ್ಮನ ಖಾತೆ

ಇಲ್ಲಿ ನನ್ನ ಸಲಹೆ, ಬ್ಯಾಂಕು ಬದಲಾಯಿಸಬೇಡಿ. ಬ್ರಾಂಚ್ ಬದಲಾಯಿಸಿ.

ಗೃಹಲಕ್ಷ್ಮಿಯಂಥ ಹಣ ಆಧಾರ್ ನಂಬರ್ ಹಿಡಿದು ಬರುತ್ತದೆ. ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸಂಸ್ಥೆಯ ಹತ್ತಿರ ಒಂದು ಪಟ್ಟಿ ಇದೆ. ಈ ಆಧಾರ್‌ಗೆ ಈ ಬ್ಯಾಂಕು ಅಂತ ಅದರಲ್ಲಿ ಬರೆದಿರುತ್ತದೆ. ಬ್ರಾಂಚಿನ ಹೆಸರು ಅದರಲ್ಲಿ ಬರುವುದಿಲ್ಲ. ಹಾಗಾಗಿ ಅದೇ ಬ್ಯಾಂಕಿನ ದಾವಣಗೆರೆ ಬ್ರಾಂಚಿಗೆ ಖಾತೆ ವರ್ಗಾಯಿಸಿದರೆ ಸರ್ಕಾರದ ದುಡ್ಡಿಗೆ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಖಾತೆ ನಂಬರೂ ಅದೇ ಇರುತ್ತದೆ, ಐಎಫ್‌ಎಸ್‌ಸಿ ಮಾತ್ರ ಬೇರೆ. ನಮ್ಮ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಸೇರಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ತಂಗಿಯ ಮನೆ ಹತ್ತಿರ ಅದರ ಬ್ರಾಂಚ್ ಇದೆಯೇ ಮೊದಲು ನೋಡಿ. ಒಂದು ಅರ್ಜಿ, ಆಧಾರ್, ಪಾಸ್‌ಬುಕ್. ಅಷ್ಟರಲ್ಲಿ ಮುಗಿಯುತ್ತದೆ.

ಬೇರೆ ಬ್ಯಾಂಕೇ ಬೇಕು ಅಂದರೆ ಒಂದು ವ್ಯತ್ಯಾಸ ಗೊತ್ತಿರಲಿ. ಖಾತೆಗೆ ಆಧಾರ್ ಕೊಡುವುದು ಬೇರೆ, ಆಧಾರ್ ಸೀಡಿಂಗ್ ಬೇರೆ. ಮೊದಲನೆಯದು ಎಷ್ಟು ಬ್ಯಾಂಕಿನಲ್ಲಾದರೂ ಆಗಬಹುದು. ಸೀಡಿಂಗ್ ಅಂದರೆ ಎನ್‌ಪಿಸಿಐನ ಆ ಪಟ್ಟಿಯಲ್ಲಿ ಬ್ಯಾಂಕಿನ ಹೆಸರು ಬರೆಸುವುದು, ಅದು ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ. ಕೊನೆಗೆ ಎಲ್ಲಿ ಮಾಡಿಸಿದಿರೋ ಹಣ ಅಲ್ಲಿಗೆ. ಖಾತೆ ತೆರೆಯುವ ಫಾರಂನಲ್ಲಿ ‘ಸರ್ಕಾರದ ಸಹಾಯಧನ ಈ ಖಾತೆಗೆ ಬರಲಿ’ ಅನ್ನುವ ಅರ್ಥದ ಒಂದು ಸಾಲು ಇರುತ್ತದೆ. ಅದರ ಮುಂದಿನ ಟಿಕ್ ಮಾರ್ಕಿನಿಂದಲೇ ಎಷ್ಟೋ ಜನರ ಹಣ ಇನ್ನೆಲ್ಲಿಗೋ ಹೋಗಿದೆ. 2017ರ ಸುಮಾರಿಗೆ ಒಬ್ಬ ಹೆಣ್ಣುಮಗಳು ಗ್ಯಾಸ್ ಸಬ್ಸಿಡಿ ಬರುತ್ತಿಲ್ಲ ಅಂತ ನಮ್ಮ ಕೌಂಟರಿಗೆ ಬಂದಿದ್ದರು. ನಮ್ಮಲ್ಲಿ ಎಲ್ಲ ಸರಿ ಇತ್ತು. ಕೆದಕಿ ನೋಡಿದರೆ, ಸಿಮ್ ಪರಿಶೀಲನೆಗೆ ಅಂತ ಅಂಗಡಿಯಲ್ಲಿ ಬೆರಳೊತ್ತಿದ ದಿನ ಆಕೆಗೆ ಗೊತ್ತಿಲ್ಲದ ಹಾಗೆ ಇನ್ನೊಂದು ಖಾತೆ ಹುಟ್ಟಿತ್ತು. ದುಡ್ಡೆಲ್ಲ ಅಲ್ಲಿ ಬೆಚ್ಚಗೆ ಕೂತಿತ್ತು.

ಹಾಗಾಗಿ ಫಾರಂ ಕನ್ನಡದಲ್ಲೇ ಕೇಳಿ. ಗ್ರಾಹಕರಿಗೆ ಕೊಡುವ ಫಾರಂ, ಚಲನ್, ಪಾಸ್‌ಬುಕ್ ಎಲ್ಲ ಇಂಗ್ಲಿಷ್, ಹಿಂದಿ ಜೊತೆಗೆ ಆ ರಾಜ್ಯದ ಭಾಷೆಯಲ್ಲೂ ಇರಬೇಕು ಅಂತ ಆರ್‌ಬಿಐ ಹೇಳಿದೆ. ಕೇಳದಿದ್ದರೆ ಕೊಡುವುದಿಲ್ಲ. ಅಮ್ಮನಿಗೆ ಬೇಸಿಕ್ ಉಳಿತಾಯ ಖಾತೆ ಸಾಕು. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಲ್ಲ ಬ್ಯಾಂಕುಗಳೂ ಅದನ್ನು ಕೊಡಬೇಕು. ತಿಂಗಳಿಗೆ ನಾಲ್ಕು ಸಲ ಹಣ ತೆಗೆಯುವುದು ಪುಕ್ಕಟೆ. ಆದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರುವಂತಿಲ್ಲ. ಸೀಡಿಂಗ್ ಎಲ್ಲಿದೆ ಅಂತ ಆಧಾರ್ ವೆಬ್‌ಸೈಟಿನಲ್ಲಿ ಒಟಿಪಿ ಹಾಕಿ ನೋಡಬಹುದು. ಹೊಸ ಬ್ಯಾಂಕಿನ ಹೆಸರು ಅಲ್ಲಿ ಕಂಡು, ಒಂದು ಸಲ ಗೃಹಲಕ್ಷ್ಮಿಯ 2,000, ಒಂದು ಸಲ ಕಿಸಾನ್‌ನ 2,000 ಹೊಸ ಖಾತೆಗೆ ಬಂದ ಮೇಲೆ ಹಳ್ಳಿಯ ಖಾತೆ ಮುಚ್ಚುವ ಯೋಚನೆ ಮಾಡಿ. ಆ ಖಾತೆಯ ಮೇಲೆ ಬೆಳೆ ಸಾಲವೋ ಚಿನ್ನದ ಸಾಲವೋ ಇದ್ದರೆ ಅದನ್ನು ಮುಟ್ಟಲೇಬೇಡಿ.

ಮುಚ್ಚುವ ದಿನ

ಪಟ್ಟಿಯ ಎಲ್ಲ ಸಾಲಿಗೂ ಅಡ್ಡಗೆರೆ ಬಿದ್ದ ಮೇಲೆ ಎರಡು ತಿಂಗಳು ಕಾಯಿರಿ. ಹಳೆ ಖಾತೆಯಲ್ಲಿ ಏನೂ ಕದಲಲಿಲ್ಲ ಅಂದರೆ ಮುಚ್ಚಬಹುದು. ಕಳೆದ ಕೆಲವು ವರ್ಷಗಳ ಸ್ಟೇಟ್‌ಮೆಂಟ್ ಮೊದಲೇ ಇಳಿಸಿಟ್ಟುಕೊಳ್ಳಿ, ಮುಚ್ಚಿದ ಮೇಲೆ ನೆಟ್ ಬ್ಯಾಂಕಿಂಗ್ ತೆರೆಯುವುದಿಲ್ಲ. ಆ ವರ್ಷ ಮುಚ್ಚಿದ ಖಾತೆಯನ್ನೂ ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು, ಅದರ ಬಡ್ಡಿಯನ್ನೂ. ಖಾತೆ ತೆರೆದು ವರ್ಷ ದಾಟಿದ್ದರೆ ಹೆಚ್ಚಿನ ಬ್ಯಾಂಕುಗಳು ಮುಚ್ಚಲು ಶುಲ್ಕ ಕೇಳುವುದಿಲ್ಲ. ಸಾಮಾನ್ಯವಾಗಿ ಖಾತೆ ಇರುವ ಬ್ರಾಂಚಿಗೇ ಹೋಗಬೇಕಾಗುತ್ತದೆ. ಜಂಟಿ ಖಾತೆಯಾದರೆ ಎಲ್ಲರ ಸಹಿ ಬೇಕು. ಉಳಿದ ಹಣ ಹೊಸ ಖಾತೆಗೆ ಬಂದಿದೆಯೇ, ಖಾತೆ ಮುಚ್ಚಿದೆ ಅನ್ನುವ ಪತ್ರವೋ ಸಂದೇಶವೋ ಸಿಕ್ಕಿದೆಯೇ ನೋಡಿಕೊಳ್ಳಿ. ಉಳಿತಾಯ ಖಾತೆ ಮುಚ್ಚಿದರೆ ಸಿಬಿಲ್ ಸ್ಕೋರ್ ಇಳಿಯುವುದಿಲ್ಲ.

ಮುಚ್ಚದೆ ಹಾಗೇ ಬಿಟ್ಟರೆ? ಎರಡು ವರ್ಷ ನೀವು ಅದರಲ್ಲಿ ವ್ಯವಹಾರ ಮಾಡದಿದ್ದರೆ ಅದು ನಿಷ್ಕ್ರಿಯ ಖಾತೆ. 2024ರ ಏಪ್ರಿಲ್‌ನಿಂದ ಅಂಥ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ, ಮತ್ತೆ ಚಾಲೂ ಮಾಡಲು ಶುಲ್ಕವೂ ಇಲ್ಲ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ಆರ್‌ಬಿಐನ ಒಂದು ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು, ಅಲೆದಾಟ ಜಾಸ್ತಿ. ಆದರೆ ನನಗೆ ಹೆಚ್ಚು ಭಯ ಇನ್ನೊಂದರದ್ದು. ಬಳಸದ ಖಾತೆಯನ್ನು ನಮಗೆ ಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇವೆ ಅಂತ ಕೇಳುವವರು ಈಗ ಬಹಳ ಆಗಿದ್ದಾರೆ. ಸೈಬರ್ ವಂಚನೆಯ ಹಣ ಅಂಥ ಖಾತೆಗಳ ಮೂಲಕವೇ ಹರಿಯುತ್ತದೆ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ಈಗ ಆ 14 ಹಾಳೆಗಳು. ಹರಿದು ಹಾಕಬೇಡಿ. ಪ್ರತಿಯೊಂದರ ಮೇಲೂ ಎರಡು ಗೆರೆ ಎಳೆದು ‘ಕ್ಯಾನ್ಸಲ್’ ಅಂತ ಬರೆದು, ಡೆಬಿಟ್ ಕಾರ್ಡಿನ ಜೊತೆ ಬ್ರಾಂಚಿಗೆ ಕೊಡಿ. ಆದರೆ ನಿಮ್ಮ ಹತ್ತಿರ ಇರುವ ಹಾಳೆಗಿಂತ ನಿಮ್ಮ ಹತ್ತಿರ ಇಲ್ಲದ ಹಾಳೆ ಮುಖ್ಯ. ಚೆಕ್ ಬುಕ್ಕಿನ ಹಿಂದಿನ ಪಟ್ಟಿ ತೆಗೆದು ಒಂದೊಂದೇ ನಂಬರ್ ನೋಡಿ. ಮನೆ ಸಾಲ ತೆಗೆದುಕೊಳ್ಳುವಾಗ ಭದ್ರತೆಗೆ ಅಂತ ತಾರೀಖಿಲ್ಲದ ಎರಡು ಮೂರು ಚೆಕ್ ಸಹಿ ಮಾಡಿ ಕೊಟ್ಟಿರುತ್ತೀರಿ. ಮನೆ ಮಾಲೀಕರಿಗೋ ಚೀಟಿ ನಡೆಸುವವರಿಗೋ ಕೊಟ್ಟಿರಬಹುದು. ಖಾತೆ ಮುಚ್ಚಿದೆ ಅನ್ನುವ ಕಾರಣಕ್ಕೆ ಚೆಕ್ ವಾಪಸಾದರೂ 138ನೇ ಸೆಕ್ಷನ್ ಕೇಸು, ಅಂದರೆ ಚೆಕ್ ಬೌನ್ಸ್ ಕೇಸು, ಬೀಳಬಹುದು. ಸಾಲದ ಸಂಸ್ಥೆಗೆ ಹೊಸ ಖಾತೆಯ ಚೆಕ್ ಕೊಟ್ಟು ಹಳೆಯದನ್ನು ವಾಪಸ್ ತಗೊಳ್ಳಿ, ಕೊಟ್ಟದ್ದಕ್ಕೆ ಪಡೆದದ್ದಕ್ಕೆ ರಸೀದಿ ಬರೆಸಿಕೊಳ್ಳಿ. ಆ ಹಾಳೆಗಳು ಕೈಗೆ ಬಂದ ಮೇಲೆ ಹಳೆ ಬ್ಯಾಂಕಿನ ಕ್ಲೋಸರ್ ಫಾರಂಗೆ ಸಹಿ ಹಾಕಿ.